ಭಾಷಾವಿಜ್ಞಾನದ ಸ್ನಾತಕೋತ್ತರ ಅಧ್ಯಯನ: ನಮ್ಮ ಮಕ್ಕಳಿಗೆ ತೆರೆದಿರುವ ಒಂದು ದಾರಿ

(ಸಂಘದ ವಾರ್ಷಿಕ ಸಮಾವೇಶದ ಅಂಗವಾಗಿ ವಸಂತನರಸಾಪುರದಲ್ಲಿ ಏರ್ಪಡಿಸಿದ್ದ ಶೈಕ್ಷಣಿಕ ಮಾರ್ಗದರ್ಶನ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಇಂತಹ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ವೈದ್ಯಕೀಯ, ಇಂಜಿನಿಯರಿಂಗ್, ಬಿ.ಎಡ್., ಕೆ.ಎ.ಎಸ್. ಬಗ್ಗೆ ಮಾತನಾಡುತ್ತಾರೆ. ಅವು ಬೇಕು, ಅವುಗಳ ಬಗ್ಗೆ ಹೇಳುವವರೂ ಬಹಳ ಮಂದಿ ಇದ್ದಾರೆ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುತ್ತಿರುವ ಮಕ್ಕಳು ಮಾತ್ರ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು "ಇದರಲ್ಲಿ ನಮಗೇನಿದೆ?" ಎಂದು ಯೋಚಿಸುತ್ತಿರುತ್ತಾರೆ. ಇಂದು ನಾನು ಆ ಹಿಂದಿನ ಸಾಲಿನವರೊಂದಿಗೆ ಮಾತನಾಡಲು ಬಂದಿದ್ದೇನೆ. ವಿಷಯ ಭಾಷಾವಿಜ್ಞಾನ.

ಹೆಸರು ಕೇಳಿದ ಕೂಡಲೇ ಎರಡು ತಪ್ಪು ಕಲ್ಪನೆ ಬರುತ್ತವೆ. ಒಂದು, ಭಾಷಾವಿಜ್ಞಾನ ಎಂದರೆ ಹತ್ತಾರು ಭಾಷೆ ಕಲಿಯುವುದು. ಇನ್ನೊಂದು, ಭಾಷಾವಿಜ್ಞಾನ ಎಂದರೆ ಕವಿತೆ, ಕಾದಂಬರಿ ಓದುವುದು. ಎರಡೂ ಅಲ್ಲ. ವೈದ್ಯನು ಮನುಷ್ಯನ ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವಂತೆ, ಭಾಷಾವಿಜ್ಞಾನಿ ಮನುಷ್ಯನ ಮಾತು ಹೇಗೆ ಕೆಲಸ ಮಾಡುತ್ತದೆ ಎಂದು ನೋಡುತ್ತಾನೆ. ಧ್ವನಿ ಬಾಯಿಯ ಯಾವ ಜಾಗದಲ್ಲಿ ಹುಟ್ಟುತ್ತದೆ, ಪದ ಹೇಗೆ ಕಟ್ಟಲ್ಪಡುತ್ತದೆ, ವಾಕ್ಯದ ಕ್ರಮ ಏನು, ಮಗು ಎರಡು ವರ್ಷಕ್ಕೆ ಮಾತು ಹೇಗೆ ಕಲಿಯುತ್ತದೆ, ಒಂದು ಭಾಷೆ ಇನ್ನೊಂದರ ಪಕ್ಕದಲ್ಲಿ ಬಾಳಿ ಹೇಗೆ ಬದಲಾಗುತ್ತದೆ - ಇವು ಅವನ ಪ್ರಶ್ನೆಗಳು.

ನಮ್ಮ ಮನೆಯ ಮಾತು ಕೆಟ್ಟ ಮಾತೇ?

ಈ ಸಭೆಯಲ್ಲಿರುವ ಬಹಳಷ್ಟು ಮಕ್ಕಳು ಮನೆಯಲ್ಲಿ ದಖನಿ ಮಾತನಾಡುತ್ತೀರಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ, ಉರ್ದು ಅಥವಾ ಇಂಗ್ಲಿಷ್. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು ಶೇ. 66, ಉರ್ದು ಎಂದು ಬರೆಸಿದವರು ಸುಮಾರು ಶೇ. 11. ರಾಜ್ಯದಲ್ಲಿ ಕನ್ನಡದ ನಂತರದ ದೊಡ್ಡ ಮಾತೃಭಾಷೆ ಅದು. ಆದರೂ ನಮ್ಮ ಮಕ್ಕಳಲ್ಲಿ ಒಂದು ಕೀಳರಿಮೆ ಇದೆ. ಉತ್ತರ ಭಾರತದವರು ನಕ್ಕರೆ "ನಮ್ಮದು ಟೂಟೀ ಫೂಟೀ ಉರ್ದು" ಎನ್ನುತ್ತಾರೆ. ಕನ್ನಡದವರು ನಕ್ಕರೆ "ನಮಗೆ ಕನ್ನಡ ಸರಿಯಾಗಿ ಬರೋದಿಲ್ಲ" ಎನ್ನುತ್ತಾರೆ. ಎರಡೂ ಕಡೆ ತಲೆ ತಗ್ಗಿಸಿದ ಮಗು ತರಗತಿಯಲ್ಲಿ ಕೈ ಎತ್ತುವುದೇ ಇಲ್ಲ. ನಮ್ಮ ಶೈಕ್ಷಣಿಕ ಹಿಂದುಳಿಯುವಿಕೆಗೆ ಬಡತನ ಒಂದು ಕಾರಣವಾದರೆ, ಈ ಮೌನವೂ ಒಂದು ಕಾರಣ.

ಭಾಷಾವಿಜ್ಞಾನ ಇದಕ್ಕೆ ಏನು ಹೇಳುತ್ತದೆ ನೋಡಿ. ಕನ್ನಡದಲ್ಲಿ "ಅವನು ಬರ್ತೀನಿ ಅಂತ ಹೇಳಿದ" ಎನ್ನುತ್ತೇವೆ. ದೆಹಲಿಯ ಉರ್ದುವಿನಲ್ಲಿ ಇದು "ಉಸ್‌ನೆ ಕಹಾ ಕಿ ಮೈಂ ಆತಾ ಹೂಂ" ಎಂದಾಗುತ್ತದೆ. ನಮ್ಮ ಮನೆಗಳಲ್ಲಿ "ವೊ ಆತೌಂ ಬೋಲ್ಕೆ ಬೋಲ್ಯಾ" ಎನ್ನುತ್ತಾರೆ. ಮೂರನ್ನೂ ಪಕ್ಕಪಕ್ಕದಲ್ಲಿ ಇಡಿ. ದಖನಿಯ ಪದಗಳೆಲ್ಲ ಉರ್ದುವಿನವು, ವಾಕ್ಯದ ಅಚ್ಚು ಮಾತ್ರ ಕನ್ನಡದ್ದು. ಕನ್ನಡದ "ಅಂತ" ಕೂರುವ ಜಾಗದಲ್ಲೇ "ಬೋಲ್ಕೆ" ಕೂತಿದೆ. ತೆಲುಗಿನಲ್ಲಿ ಅದೇ ಜಾಗದಲ್ಲಿ "ಅನಿ" ಇದೆ. ದೆಹಲಿಯ "ನೆ" ಇಲ್ಲಿ ಮಾಯವಾಗಿದೆ, ಏಕೆಂದರೆ ಕನ್ನಡದಲ್ಲಿ ಅಂತಹ ಪ್ರತ್ಯಯವೇ ಇಲ್ಲ. "ಬೇಡ" ಎನ್ನುವುದಕ್ಕೆ ನಾವು ಹೇಳುವ "ನಕ್ಕೊ" ಮರಾಠಿಯ "ನಕೋ". "ನಾನೇ" ಎನ್ನುವಲ್ಲಿ "ಮೈಂಚ್" ಎಂದಾಗ ಬರುವ "ಚ್" ಕೂಡ ಮರಾಠಿಯದು, ಅದು ಮಾಡುವ ಕೆಲಸ ಕನ್ನಡದ "ಏ" ಮಾಡುವ ಕೆಲಸ. "ಬಾತಾಂ", "ಲೋಗಾಂ" ಎಂದು ಬಹುವಚನಕ್ಕೆ "ಆಂ" ಸೇರಿಸುವುದು ದಖನಿಯ ಹಳೆಯ ನಿಯಮ. ಹೀಗೆ ನೂರಾರು ವರ್ಷ ನೆರೆಹೊರೆಯವರಾಗಿ ಬಾಳಿದ ಜನರ ಇತಿಹಾಸ ಒಂದು ವಾಕ್ಯದೊಳಗೆ ಕೂತಿದೆ. ಇದನ್ನು "ಕೆಟ್ಟ ಉರ್ದು" ಎನ್ನುವವನಿಗೆ ಭಾಷೆಯೂ ಗೊತ್ತಿಲ್ಲ, ಇತಿಹಾಸವೂ ಗೊತ್ತಿಲ್ಲ.

ಇದಕ್ಕೆ ಜಗತ್ತಿನಾದ್ಯಂತ ಭಾಷಾವಿಜ್ಞಾನದ ತರಗತಿಗಳಲ್ಲಿ ಹೇಳುವ ಒಂದು ಉದಾಹರಣೆ ನಮ್ಮ ಗಡಿಯಲ್ಲೇ ಇದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಊರಿನಲ್ಲಿ ಜೈನರು ಕನ್ನಡ, ಮುಸ್ಲಿಮರು ಉರ್ದು, ಇತರರು ಮರಾಠಿ ಮಾತನಾಡುತ್ತಾ ಶತಮಾನಗಳಿಂದ ಒಟ್ಟಿಗೆ ಬಾಳಿದ್ದಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ವಿದ್ವಾಂಸರು ಆ ಊರಿನ ಮಾತನ್ನು ಅಧ್ಯಯನ ಮಾಡಿ 1971ರಲ್ಲಿ ಲೇಖನ ಪ್ರಕಟಿಸಿದರು. ಪದಗಳು ಬೇರೆ ಬೇರೆ ಇದ್ದರೂ ಮೂರು ಭಾಷೆಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಆಗಿಬಿಟ್ಟಿದೆ ಎಂದು ಅವರು ತೋರಿಸಿದರು. ಅಲ್ಲಿನ ಉರ್ದು ಲಿಂಗದ ವಿಷಯದಲ್ಲಿ ಕನ್ನಡದ ದಾರಿ ಹಿಡಿದಿತ್ತು. ಅಲ್ಲಿನ ಕನ್ನಡವೂ ಸುಮ್ಮನಿರಲಿಲ್ಲ. "ಇದು ನಿಮ್ಮ ಮನೆ" ಎನ್ನುವಲ್ಲಿ ನಾವು ಕೊನೆಗೆ ಏನೂ ಸೇರಿಸುವುದಿಲ್ಲ, ಅಲ್ಲಿನ ಕನ್ನಡ ಉರ್ದು, ಮರಾಠಿಗಳಂತೆ "ಇದೆ" ಎಂಬರ್ಥದ ಪದವನ್ನು ಸೇರಿಸಿಕೊಂಡಿತ್ತು. ಕೊಟ್ಟವರೂ ಅವರೇ, ತೆಗೆದುಕೊಂಡವರೂ ಅವರೇ. ಕುಪ್ವಾಡದ ಬಗ್ಗೆ ಅಮೆರಿಕದ ವಿದ್ಯಾರ್ಥಿಗಳು ಓದುತ್ತಾರೆ. ಅಂತಹುದೇ ಮಾತಿನ ಸಂತೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅದರ ಹೆಸರೇ ಗೊತ್ತಿಲ್ಲ. ಇದು ಬದಲಾಗಬೇಕು.

ನಿಮಗೆ ಈಗಾಗಲೇ ಗೊತ್ತಿರುವ ಪಾಠ

ಕುರ್‌ಆನ್ ಓದಲು ತಜ್‌ವೀದ್ ಕಲಿತವರು ಇಲ್ಲಿ ಬಹಳ ಮಂದಿ ಇದ್ದೀರಿ. ಯಾವ ಅಕ್ಷರ ಗಂಟಲಿನಿಂದ, ಯಾವುದು ನಾಲಿಗೆಯ ಬುಡದಿಂದ, ಯಾವುದು ತುಟಿಯಿಂದ ಎಂದು ಮಖ್‌ರಜ್ ಕಲಿತಿದ್ದೀರಿ. ಅದು ಧ್ವನಿವಿಜ್ಞಾನದ ಮೊದಲನೆಯ ಪಾಠ. ಎಂಟನೆಯ ಶತಮಾನದಲ್ಲಿ ಬಸ್ರಾದಲ್ಲಿದ್ದ ಖಲೀಲ್ ಇಬ್ನ್ ಅಹ್ಮದ್ ಅರಬ್ಬಿಯ ಮೊದಲ ನಿಘಂಟಿನ ಯೋಜನೆ ಹಾಕಿದಾಗ ಅಕ್ಷರಗಳನ್ನು ಅಲಿಫ್, ಬೇ ಎಂಬ ಕ್ರಮದಲ್ಲಿ ಇಡಲಿಲ್ಲ. ಗಂಟಲಿನ ಆಳದಿಂದ ಹೊರಡುವ ಐನ್ ಅಕ್ಷರದಿಂದ ಆರಂಭಿಸಿ ತುಟಿಯ ಕಡೆಗೆ ಬಂದರು. ಅದಕ್ಕೇ ಆ ಗ್ರಂಥಕ್ಕೆ ಕಿತಾಬುಲ್ ಐನ್ ಎಂದು ಹೆಸರು. ಅವರ ಶಿಷ್ಯ ಸೀಬವೈಹಿ ಪರ್ಷಿಯಾ ಮೂಲದವರು. ಮಾತೃಭಾಷೆಯಲ್ಲದ ಅರಬ್ಬಿಗೆ ಅವರು ಬರೆದ ವ್ಯಾಕರಣ ಇಂದಿಗೂ ಆಧಾರಗ್ರಂಥ.

ಈಗ ನಮ್ಮ ಕನ್ನಡ ವರ್ಣಮಾಲೆ ನೋಡಿ. ಕ ಖ ಗ ಘ ಒಳಗಿನಿಂದ ಆರಂಭವಾಗಿ, ಚ, ಟ, ತ ವರ್ಗಗಳನ್ನು ದಾಟಿ, ಪ ಫ ಬ ಭ ಮ ಎಂದು ತುಟಿಗೆ ಬಂದು ನಿಲ್ಲುತ್ತದೆ. ಭಾರತದ ಪ್ರಾಚೀನ ವೈಯಾಕರಣರು ಹಾಕಿಕೊಟ್ಟ ಕ್ರಮ ಅದು. ಮದರಸಾದಲ್ಲಿ ಕಲಿತದ್ದೂ, ಕನ್ನಡ ಶಾಲೆಯಲ್ಲಿ ತಿದ್ದಿದ್ದೂ ಒಂದೇ ವಿಜ್ಞಾನದ ಎರಡು ಬಾಗಿಲು. ಎರಡರಲ್ಲೂ ನಡೆದಾಡಿದ ವಿದ್ಯಾರ್ಥಿಗೆ ಇತರರಿಗಿಂತ ಒಂದು ಹೆಜ್ಜೆ ಮುಂದೆ ಇರುವ ಅವಕಾಶವಿದೆ.

ನಮ್ಮ ಸುತ್ತಲಿನ ಊರುಗಳ ಹೆಸರಿನಲ್ಲೂ ಪಾಠವಿದೆ. ಹಳೆಗನ್ನಡದಲ್ಲಿ ಪದದ ಮೊದಲಿಗೆ ಇದ್ದ "ಪ" ಕಾಲಕ್ರಮದಲ್ಲಿ "ಹ" ಆಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ತಮಿಳಿನಲ್ಲಿ ಇಂದಿಗೂ ಪಾಲ್, ಪುಲಿ ಎಂದೇ ಇದೆ. ಹಾಗಾದರೆ ವಸಂತನರಸಾಪುರದ "ಪುರ" ಏಕೆ "ಹುರ" ಆಗಲಿಲ್ಲ? ಅದು ಸಂಸ್ಕೃತದಿಂದ ಬಂದ ಪದ, ಸಂಸ್ಕೃತ ಓದುಬರಹ ಅದರ "ಪ"ವನ್ನು ಕಾಪಾಡಿತು. ತಾಲ್ಲೂಕು, ಜಿಲ್ಲೆ, ಅರ್ಜಿ, ವಕೀಲ, ಜಮೀನು, ರೈತ, ಕಾನೂನು - ಈ ಪದಗಳು ಅರಬ್ಬಿ, ಪಾರ್ಸಿಗಳಿಂದ ಆಡಳಿತದ ದಾರಿಯಲ್ಲಿ ಕನ್ನಡಕ್ಕೆ ಬಂದವು. ಇಂದು ಅವನ್ನು ಬಿಟ್ಟು ಕನ್ನಡದಲ್ಲಿ ಒಂದು ಅರ್ಜಿ ಬರೆಯಲಾಗದು. ಯಾವ ಪದ ಯಾವಾಗ, ಯಾರ ಜೊತೆ ಬಂತು ಎಂದು ಹೇಳಬಲ್ಲವನು ಊರಿನ ಇತಿಹಾಸವನ್ನೇ ಹೇಳಬಲ್ಲ.

ನಮ್ಮ ಹಿರಿಯರು ನಡೆದ ದಾರಿ

ಈ ಶಾಸ್ತ್ರ ನಮಗೆ ಹೊಸದಲ್ಲ. ಹೈದರಾಬಾದಿನ ಡಾ. ಮೊಹಿಯುದ್ದೀನ್ ಖಾದ್ರಿ ಜೋರ್ ಯೂರೋಪಿನಲ್ಲಿ ಓದಿ, ಹಿಂದೂಸ್ತಾನಿಯ ಧ್ವನಿಗಳ ಬಗ್ಗೆ ಬರೆದ ಪುಸ್ತಕ 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾಯಿತು. ದಖನಿ ಸಾಹಿತ್ಯದ ಹಸ್ತಪ್ರತಿಗಳನ್ನು ಬೆಳಕಿಗೆ ತಂದವರಲ್ಲಿ ಅವರು ಪ್ರಮುಖರು. ಪ್ರೊ. ಮಸೂದ್ ಹುಸೇನ್ ಖಾನ್ ಅಲೀಗಢ ಮುಸ್ಲಿಂ ವಿಶ್ವವಿದ್ಯಾನಿಲಯದಲ್ಲಿ 1968ರಲ್ಲಿ ಭಾಷಾವಿಜ್ಞಾನ ವಿಭಾಗವನ್ನು ಕಟ್ಟಿದರು, ನಂತರ ಜಾಮಿಯಾ ಮಿಲ್ಲಿಯಾದ ಕುಲಪತಿಗಳಾದರು.

ಕನ್ನಡದಲ್ಲಂತೂ ದೊಡ್ಡ ಪರಂಪರೆಯೇ ಇದೆ. ನಮ್ಮದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯನವರು ವ್ಯಾಕರಣ, ಕಾವ್ಯಮೀಮಾಂಸೆ ಎರಡರಲ್ಲೂ ಪ್ರಮಾಣ ಎನಿಸಿದವರು. ಎಂ. ಚಿದಾನಂದಮೂರ್ತಿಯವರ ಭಾಷಾವಿಜ್ಞಾನದ ಪುಸ್ತಕವನ್ನು ತಲೆಮಾರುಗಳ ವಿದ್ಯಾರ್ಥಿಗಳು ಓದಿದ್ದಾರೆ. 2023ರಲ್ಲಿ ನಮ್ಮನ್ನಗಲಿದ ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಜೀವನವಿಡೀ ವಾದಿಸಿದರು. ಯು.ಪಿ. ಉಪಾಧ್ಯಾಯರು ಮತ್ತು ಅವರ ತಂಡ ಉಡುಪಿಯಲ್ಲಿ ಆರು ಸಂಪುಟಗಳ ತುಳು ನಿಘಂಟು ಸಿದ್ಧಪಡಿಸಿತು. ಕೆ.ವಿ. ನಾರಾಯಣ ಅವರ "ನುಡಿಗಳ ಅಳಿವು" ಕೃತಿಗೆ 2024ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕರಾವಳಿಯ ಬ್ಯಾರಿ ಭಾಷೆಗೆ ಕರ್ನಾಟಕ ಸರ್ಕಾರ 2007ರಲ್ಲಿ ಅಕಾಡೆಮಿ ಸ್ಥಾಪಿಸಿತು. ಭಟ್ಕಳದಲ್ಲಿ ನವಾಯತಿ ಇದೆ. ನಮ್ಮ ಬಯಲುಸೀಮೆಯ ದಖನಿಯ ಬಗ್ಗೆ ಊರೂರಿನ ಲೆಕ್ಕದಲ್ಲಿ ಆಗಬೇಕಾದ ಕೆಲಸ ಇನ್ನೂ ಬಹಳ ಇದೆ. ತುಮಕೂರಿನ ದಖನಿಗೂ ಕಲಬುರಗಿಯ ದಖನಿಗೂ ಏನು ವ್ಯತ್ಯಾಸ? ಕುಣಿಗಲ್ಲಿನ ಅಜ್ಜಿಯ ಮಾತಿಗೂ ಬೆಂಗಳೂರಿನಲ್ಲಿ ಬೆಳೆದ ಮೊಮ್ಮಗಳ ಮಾತಿಗೂ ಏನು ವ್ಯತ್ಯಾಸ? ಇವು ಪಿಎಚ್.ಡಿ. ವಿಷಯಗಳು, ಕಾಯುತ್ತಿವೆ.

ಎಲ್ಲಿ ಓದಬೇಕು, ಏನು ಓದಬೇಕು

ಭಾಷಾವಿಜ್ಞಾನದ ಎಂ.ಎ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಸಾಮಾನ್ಯವಾಗಿ ಯಾವುದೇ ಪದವಿ ಪಡೆದವರು ಸೇರಬಹುದು. ಬಿ.ಎ. ಆದವರಷ್ಟೇ ಅಲ್ಲ, ಬಿ.ಎಸ್ಸಿ., ಬಿ.ಕಾಂ., ಬಿ.ಇ. ಆದವರೂ ಬರುತ್ತಾರೆ. ಗಣಿತದಲ್ಲಿ ಆಸಕ್ತಿ ಇದ್ದವರಿಗೆ ವಾಕ್ಯರಚನೆಯ ಪಾಠ ಬಹಳ ರುಚಿಸುತ್ತದೆ. ಧ್ವನಿವಿಜ್ಞಾನ, ಪದರಚನೆ, ವಾಕ್ಯರಚನೆ, ಅರ್ಥವಿಜ್ಞಾನ, ಐತಿಹಾಸಿಕ ಭಾಷಾವಿಜ್ಞಾನ, ಸಾಮಾಜಿಕ ಭಾಷಾವಿಜ್ಞಾನ ಮುಖ್ಯ ಪತ್ರಿಕೆಗಳು. ನಂತರ ನಿಘಂಟು ರಚನೆ, ಅನುವಾದ, ಭಾಷಾ ಬೋಧನೆ, ಕಂಪ್ಯೂಟರ್ ಭಾಷಾವಿಜ್ಞಾನ ಮುಂತಾದವನ್ನು ಆರಿಸಿಕೊಳ್ಳಬಹುದು. ಕ್ಷೇತ್ರಕಾರ್ಯ ಇದರ ಜೀವಾಳ. ಟೇಪ್ ರೆಕಾರ್ಡರ್ ಹಿಡಿದು ಊರಿಗೆ ಹೋಗುತ್ತಿದ್ದ ಕಾಲ ಹೋಯಿತು, ಈಗ ಮೊಬೈಲ್ ಸಾಕು. ಆದರೆ ಊರಿಗೆ ಹೋಗಲೇಬೇಕು.

ಕರ್ನಾಟಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಈ ವಿಷಯದ ಹಳೆಯ ನೆಲೆ. ಕನ್ನಡ ಎಂ.ಎ.ಗಳಲ್ಲೂ ಸಾಮಾನ್ಯವಾಗಿ ಭಾಷಾವಿಜ್ಞಾನದ ಪತ್ರಿಕೆ ಇರುತ್ತದೆ, ಅದರಲ್ಲಿ ಆಸಕ್ತಿ ಹುಟ್ಟಿ ಈ ಕಡೆ ಬಂದವರು ಅನೇಕರು. ಹೊರರಾಜ್ಯಗಳಲ್ಲಿ ಹೈದರಾಬಾದ್ ವಿಶ್ವವಿದ್ಯಾನಿಲಯ, ಉಸ್ಮಾನಿಯಾ ವಿಶ್ವವಿದ್ಯಾನಿಲಯ, ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾನಿಲಯ, ಪುಣೆಯ ಡೆಕ್ಕನ್ ಕಾಲೇಜು, ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾನಿಲಯ, ದೆಹಲಿ ವಿಶ್ವವಿದ್ಯಾನಿಲಯ, ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯ, ಅಲೀಗಢ ಮುಸ್ಲಿಂ ವಿಶ್ವವಿದ್ಯಾನಿಲಯ ಹೆಸರಾಗಿವೆ. ಕೋಲಾರದ ಗಡಿಗೆ ಹತ್ತಿರವಾದ ಕುಪ್ಪಂನಲ್ಲಿ ದ್ರಾವಿಡ ವಿಶ್ವವಿದ್ಯಾನಿಲಯವಿದೆ. ಕಂಪ್ಯೂಟರ್ ಕಡೆ ಒಲವಿರುವವರಿಗೆ ಹೈದರಾಬಾದಿನ ಐಐಐಟಿಯ ಭಾಷಾ ತಂತ್ರಜ್ಞಾನ ಕೇಂದ್ರ ದೊಡ್ಡ ಹೆಸರು. ಉರ್ದು ಮಾಧ್ಯಮದಲ್ಲಿ ಓದಿದವರಿಗೆ 1998ರಲ್ಲಿ ಸ್ಥಾಪನೆಯಾದ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾನಿಲಯದಲ್ಲಿ ಅನುವಾದ ಅಧ್ಯಯನದ ವಿಭಾಗವಿದೆ.

ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ 2022ರಿಂದ ಸಿಯುಇಟಿ ಪ್ರವೇಶ ಪರೀಕ್ಷೆಯ ಸ್ನಾತಕೋತ್ತರ ವಿಭಾಗ ಬಂದಿದೆ. ಪದವಿಯ ಕೊನೆಯ ವರ್ಷದಲ್ಲೇ ಅರ್ಜಿ ಹಾಕಬೇಕು. ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕೂತರೆ ಒಂದು ವರ್ಷ ಹೋಗುತ್ತದೆ. ಪ್ರತಿ ವಿಶ್ವವಿದ್ಯಾನಿಲಯದ ನಿಯಮವನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ, ಯಾರೋ ಹೇಳಿದ್ದನ್ನು ನಂಬಬೇಡಿ.

ಎಂ.ಎ. ನಂತರ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಭಾಷಾವಿಜ್ಞಾನ ಒಂದು ಪ್ರತ್ಯೇಕ ವಿಷಯ. ಅದರಲ್ಲಿ ಜೆ.ಆರ್.ಎಫ್. ದೊರೆತರೆ ಸಂಶೋಧನೆಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. 2023ರಿಂದ ಈ ಮೊತ್ತ ಜಾರಿಯಲ್ಲಿದೆ. ಅಲ್ಪಸಂಖ್ಯಾತ ಸಂಶೋಧನಾರ್ಥಿಗಳಿಗೆ ಇದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ 2022-23ರಿಂದ ನಿಂತುಹೋಗಿದೆ. ಆದ್ದರಿಂದ ನಮ್ಮ ಮಕ್ಕಳು ಜೆ.ಆರ್.ಎಫ್. ಅನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಹಿಂದೆಂದಿಗಿಂತ ಹೆಚ್ಚು ಅಗತ್ಯ.

ಕೆಲಸ ಎಲ್ಲಿದೆ?

ಪೋಷಕರು ಕಾಯುತ್ತಿರುವ ಪ್ರಶ್ನೆ ಇದು, ನೇರವಾಗಿ ಹೇಳುತ್ತೇನೆ.

ಮೊದಲನೆಯದು, ಮೈಸೂರು. 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ, ಅಂದರೆ ಸಿಐಐಎಲ್, ಮಾನಸಗಂಗೋತ್ರಿಯಲ್ಲಿದೆ. ತುಮಕೂರಿನಿಂದ ರೈಲಿನಲ್ಲೋ ಬಸ್ಸಿನಲ್ಲೋ ಹೊರಟರೆ ಅದೇ ದಿನ ತಲುಪುವ ದೂರ. ಭಾಷಾ ದತ್ತಾಂಶ ಸಂಗ್ರಹ, ರಾಷ್ಟ್ರೀಯ ಅನುವಾದ ಮಿಷನ್, ಅಳಿವಿನಂಚಿನ ಭಾಷೆಗಳ ದಾಖಲೀಕರಣ ಮುಂತಾದ ಯೋಜನೆಗಳನ್ನು ಆ ಸಂಸ್ಥೆ ನಡೆಸಿದೆ. ಅದರ ಉರ್ದು ಬೋಧನಾ ಕೇಂದ್ರಗಳು ಸೋಲನ್ ಮತ್ತು ಲಖನೌದಲ್ಲಿವೆ. ಇಂತಹ ಯೋಜನೆಗಳ ಕೆಲಸ ಬಹುಪಾಲು ಗುತ್ತಿಗೆ ಆಧಾರದ್ದು ಎಂಬುದನ್ನು ಮರೆಯಬೇಡಿ. ಆದರೆ ಅಲ್ಲಿ ಪಡೆದ ಅನುಭವಕ್ಕೆ ಬೇರೆಡೆ ಬೆಲೆ ಇದೆ.

ಎರಡನೆಯದು, ಬೋಧನೆ ಮತ್ತು ಸಂಶೋಧನೆ. ವಿಶ್ವವಿದ್ಯಾನಿಲಯಗಳ ಹುದ್ದೆಗಳು ಕಡಿಮೆ, ಸ್ಪರ್ಧೆ ಹೆಚ್ಚು, ನೆಟ್ ಮತ್ತು ಪಿಎಚ್.ಡಿ. ಇಲ್ಲದೆ ಕನಸು ಕಾಣಬೇಡಿ.

ಮೂರನೆಯದು, ಭಾಷಾ ತಂತ್ರಜ್ಞಾನ. ಇಂದು ಹೆಚ್ಚು ಚಲನೆ ಇರುವುದು ಇಲ್ಲಿ. ಗೂಗಲ್ ಅನುವಾದಕ್ಕೆ ಕನ್ನಡ ಬಂದದ್ದು 2011ರಲ್ಲಿ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಲೋಕಾರ್ಪಣೆಯಾಯಿತು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗೆ ಯಂತ್ರಗಳನ್ನು ಕಟ್ಟುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ "ವಾಣಿ" ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಸಂಗ್ರಹಿಸಲು ಹೊರಟಿತು. ಏಕೆ? ಯಂತ್ರಕ್ಕೆ ಪುಸ್ತಕದ ಕನ್ನಡ ಮಾತ್ರ ಕಲಿಸಿದರೆ, ಗುಬ್ಬಿಯ ರೈತ ಫೋನಿನಲ್ಲಿ ಮಾತನಾಡಿದಾಗ ಅದು ತಡವರಿಸುತ್ತದೆ. ಬರಹದಲ್ಲಿ ಹೆಚ್ಚು ಕಾಣಿಸಿಕೊಳ್ಳದ ದಖನಿಯ ಕಥೆ ಇನ್ನೂ ಕಷ್ಟ. ಮಾತನ್ನು ಕೇಳಿ ಬರಹಕ್ಕಿಳಿಸುವುದು, ಪದಕ್ಕೆ ವ್ಯಾಕರಣದ ಗುರುತು ಹಾಕುವುದು, ಯಂತ್ರ ಕೊಟ್ಟ ಉತ್ತರದ ತಪ್ಪು ಎಲ್ಲಿದೆ ಎಂದು ಕಾರಣಸಹಿತ ಹೇಳುವುದು - ಇವಕ್ಕೆ ಭಾಷಾವಿಜ್ಞಾನ ಓದಿದವರು ಬೇಕು. ಇಲ್ಲೂ ಒಂದು ಎಚ್ಚರಿಕೆ. ಬರೀ ಸಾಮಾನ್ಯ ಅನುವಾದದ ಕೆಲಸವನ್ನು ಈಗ ಯಂತ್ರವೇ ಬಹುಮಟ್ಟಿಗೆ ಮಾಡುತ್ತದೆ. ಆದ್ದರಿಂದ ಯಂತ್ರವನ್ನು ತಿದ್ದುವ ಮಟ್ಟಕ್ಕೆ ನೀವು ಬೆಳೆಯಬೇಕು. ಎಂ.ಎ. ಜೊತೆಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಕಲಿಯಿರಿ. ಧ್ವನಿಯನ್ನು ಅಳೆಯುವ ಪ್ರಾಟ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಇಂದೇ ಇಳಿಸಿಕೊಳ್ಳಬಹುದು.

ನಾಲ್ಕನೆಯದು, ವಾಕ್ ಮತ್ತು ಶ್ರವಣ ಚಿಕಿತ್ಸೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು ತಡವಾದ ಮಕ್ಕಳು, ಲಕ್ವ ಹೊಡೆದು ಮಾತು ನಿಂತ ಹಿರಿಯರು ಅಲ್ಲಿಗೆ ಬರುತ್ತಾರೆ. ಇಲ್ಲಿ ಗೊಂದಲ ಬೇಡ. ಭಾಷಾವಿಜ್ಞಾನದ ಎಂ.ಎ. ಮಾತ್ರದಿಂದ ಚಿಕಿತ್ಸಕರಾಗಲು ಸಾಧ್ಯವಿಲ್ಲ. ಅದಕ್ಕೆ ಪಿಯುಸಿ ವಿಜ್ಞಾನದ ನಂತರ ಪ್ರತ್ಯೇಕ ಪದವಿ ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಬೇಕು. ಪಿಯುಸಿ ವಿಜ್ಞಾನದಲ್ಲಿರುವ, ಮೆಡಿಕಲ್ ಸೀಟು ಸಿಗದೆ ಬೇಸರಗೊಂಡಿರುವ ಮಕ್ಕಳು ಈ ಪದವಿಯನ್ನು ಗಮನಿಸಬೇಕು. ದಖನಿ ಮಾತ್ರ ಮಾತನಾಡುವ ಒಂದು ಮಗುವಿನ ತೊದಲನ್ನು ಅದೇ ಮಾತಿನಲ್ಲಿ ಪರೀಕ್ಷಿಸಬಲ್ಲ ಚಿಕಿತ್ಸಕಿಯ ಬೆಲೆ ಆ ತಾಯಿಗೆ ಗೊತ್ತು.

ಐದನೆಯದು, ನಿಘಂಟು, ಪ್ರಕಾಶನ, ಪಠ್ಯಪುಸ್ತಕ, ಜಾಹೀರಾತು, ಚಿತ್ರಗಳ ಉಪಶೀರ್ಷಿಕೆ, ಭಾಷಾ ಬೋಧನೆ. ಈ ಕೊನೆಯದಕ್ಕೆ ಬಹಳ ದೂರ ಹೋಗಬೇಕಿಲ್ಲ. ನೀವು ಕುಳಿತಿರುವ ಈ ವಸಂತನರಸಾಪುರವನ್ನೇ ನೋಡಿ. 2014ರಲ್ಲಿ ಇಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರ್‌ನಲ್ಲಿ ಈ ಜಾಗ ಸೇರಿದೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಆರಂಭವಾಯಿತು. ಕೈಗಾರಿಕೆ ಬಂದಲ್ಲಿ ದೂರದ ರಾಜ್ಯಗಳ ಕಾರ್ಮಿಕರೂ ಬರುತ್ತಾರೆ. ಯಂತ್ರದ ಮೇಲಿನ ಎಚ್ಚರಿಕೆಯ ಫಲಕ ಒಂದು ಭಾಷೆಯಲ್ಲಿ, ಸೂಪರ್‌ವೈಸರ್ ಮಾತು ಇನ್ನೊಂದರಲ್ಲಿ, ಕಾರ್ಮಿಕನ ಮನೆಮಾತು ಮತ್ತೊಂದರಲ್ಲಿ ಇದ್ದರೆ ಕೈ ಬೆರಳು ಹೋಗುತ್ತದೆ, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಕಡಿಮೆ ಪದದಲ್ಲಿ, ಅವರಿಗೆ ತಿಳಿಯುವ ಮಾತಿನಲ್ಲಿ ಸುರಕ್ಷತೆಯ ಪಾಠ ಹೇಳಿಕೊಡುವುದು, ಹೊರಗಿನವರಿಗೆ ಎರಡು ತಿಂಗಳಲ್ಲಿ ವ್ಯವಹಾರದ ಕನ್ನಡ ಕಲಿಸುವುದು - ಇದು ಭಾಷಾವಿಜ್ಞಾನ ಓದಿದ ಒಬ್ಬ ಹುಡುಗಿ ತಾನೇ ಆರಂಭಿಸಬಹುದಾದ ಉದ್ಯೋಗ. ಕನ್ನಡ, ಉರ್ದು, ಹಿಂದಿ, ಇಂಗ್ಲಿಷ್ ನಾಲ್ಕನ್ನೂ ಬಲ್ಲ ನಮ್ಮ ಮಕ್ಕಳಿಗಿಂತ ಇದಕ್ಕೆ ಯೋಗ್ಯರು ಯಾರು?

ಪೋಷಕರಿಗೆ ಎರಡು ಮಾತು

ಈ ಓದಿನಿಂದ ಮೊದಲ ವರ್ಷವೇ ದೊಡ್ಡ ಸಂಬಳ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದವರನ್ನು ನಂಬಬೇಡಿ. ಎಂ.ಎ. ಮುಗಿಸಿ ಇನ್ನೊಂದು ಕೌಶಲ ಸೇರಿಸಿಕೊಳ್ಳದವನು ಅಲೆಯಬೇಕಾಗುತ್ತದೆ. ಮನೆಯಲ್ಲಿ ದುಡಿಯುವ ಕೈ ಒಂದೇ ಇದ್ದು, ತಂಗಿಯರ ಓದು ಬಾಕಿ ಇದ್ದರೆ ಮೊದಲು ಬಿ.ಎಡ್. ಮಾಡಿ ಕೆಲಸಕ್ಕೆ ಸೇರಿ, ನಂತರ ಇತ್ತ ಬರುವುದು ತಪ್ಪಲ್ಲ. ಆದರೆ ಆಸಕ್ತಿ ಇರುವ ಮಗುವನ್ನು "ಇದೆಂಥ ಓದು" ಎಂದು ಹೀಯಾಳಿಸಿ ತಡೆಯಬೇಡಿ. ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ ಹೇಳುತ್ತೇನೆ. ಪದವಿಯವರೆಗೆ ಓದಿಸಿ, ಹಾಸ್ಟೆಲ್‌ಗೆ ಕಳಿಸಲು ಹೆದರಿ ನಿಲ್ಲಿಸುತ್ತೇವೆ. ಮೈಸೂರು ಪರದೇಶವಲ್ಲ. ಸಂಘದವರು ಒಂದು ಬಾರಿ ಹತ್ತು ಮಂದಿ ಪೋಷಕರನ್ನು ಕರೆದುಕೊಂಡು ಹೋಗಿ ಅಲ್ಲಿನ ವಿಭಾಗ, ಗ್ರಂಥಾಲಯ, ಹಾಸ್ಟೆಲ್ ತೋರಿಸಿಕೊಂಡು ಬರಲಿ. ಕಣ್ಣಾರೆ ನೋಡಿದ ಮೇಲೆ ಅರ್ಧ ಹೆದರಿಕೆ ಹೋಗುತ್ತದೆ.

ಇಂದೇ ಆರಂಭಿಸಬಹುದಾದ ಕೆಲಸ

ವಿದ್ಯಾರ್ಥಿಗಳೇ, ಈ ಶಾಸ್ತ್ರ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಫೀಸು ಕಟ್ಟಬೇಕಿಲ್ಲ. ನಿಮ್ಮ ಮನೆಯ ಹಿರಿಯರೊಬ್ಬರನ್ನು ಆರಿಸಿಕೊಳ್ಳಿ. ಅವರ ಒಪ್ಪಿಗೆ ಕೇಳಿ. ದೇಹದ ಅಂಗಗಳು, ನೆಂಟಸ್ತಿಕೆ, ಅಡುಗೆ, ಬೇಸಾಯ, ಮಳೆ, ಬಿಸಿಲು - ಇವಕ್ಕೆ ಅವರು ಬಳಸುವ ನೂರು ಪದಗಳನ್ನು ಅವರ ಬಾಯಿಂದಲೇ ಕೇಳಿ, ರೆಕಾರ್ಡ್ ಮಾಡಿ, ಕೇಳಿದಂತೆಯೇ ಬರೆಯಿರಿ. "ಹೀಗಲ್ಲ, ಹಾಗೆ" ಎಂದು ತಿದ್ದಬೇಡಿ. ಭಾಷಾವಿಜ್ಞಾನಿ ತಿದ್ದುವವನಲ್ಲ, ಕೇಳುವವನು. ನಂತರ ಅದೇ ಪದಗಳನ್ನು ಪಕ್ಕದ ಮನೆಯ ಕನ್ನಡ ಮಾತನಾಡುವ ಅಜ್ಜಿಯಿಂದ ಕೇಳಿ ಬನ್ನಿ. ಎರಡು ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಯಾವುದು ಎಲ್ಲಿಂದ ಬಂದಿರಬಹುದು ಎಂದು ಯೋಚಿಸಿ. ರಾತ್ರಿ ಊಟ ಮರೆತು ಅದರ ಮುಂದೆ ಕುಳಿತಿದ್ದೀರಿ ಎಂದಾದರೆ, ಈ ಶಾಸ್ತ್ರ ನಿಮ್ಮದು.

ಸಂಘಕ್ಕೂ ಒಂದು ಕೋರಿಕೆ. ಮುಂದಿನ ವರ್ಷದ ಸಂಚಿಕೆಯಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ವಿದ್ಯಾರ್ಥಿಗಳು ಸಂಗ್ರಹಿಸಿದ ಇಂತಹ ಪದಗಳಿಗೆ ನಾಲ್ಕು ಪುಟ ಮೀಸಲಿಡಿ. ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿ, ಎಲ್ಲರೂ ಓದಲಿ. ನಮ್ಮ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರೊಂದಿಗೆ ಹೋಗುವ ಪದವನ್ನು ಯಾವ ಕಂಪ್ಯೂಟರೂ ವಾಪಸ್ಸು ತಂದುಕೊಡುವುದಿಲ್ಲ. ಬರೆದುಕೊಂಡ ಮಗು ಮುಂದೆ ಭಾಷಾವಿಜ್ಞಾನಿಯಾದರೆ ಸಂತೋಷ. ಆಗದಿದ್ದರೂ ತನ್ನ ಮನೆಯ ಮಾತಿಗೆ ನಾಚಿಕೊಳ್ಳದ, ನೆರೆಯವರ ಮಾತನ್ನು ಗೌರವಿಸುವ, ತರಗತಿಯಲ್ಲಿ ಕೈ ಎತ್ತುವ ಮಗುವಾಗುತ್ತದೆ. ಅದೂ ಕಡಿಮೆ ಲಾಭವಲ್ಲ.

 ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಯಾವ ಭಾಷೆಯಲ್ಲಾದರೂ ಸರಿ.